ಮರ ಏರುವವರಿಗೆ ಬೀಳಲು ಬಿಡದ ಹಗ್ಗ

ಬೇಸಿಗೆ ಮುಗಿಯುತ್ತ ಬಂತೆಂದರೆ ಮಲೆನಾಡು, ಕರಾವಳಿಯ ಮನೆಗಳಲ್ಲಿ ಮರ ಹತ್ತುವವರಿಗಾಗಿ ಹುಡುಕಾಟ ಶುರುವಾಗುತ್ತದೆ. ಹೆಂಚಿನ ಮಾಡಿನ ಮೇಲೆ ಚಾಚಿದ ಹಲಸಿನ ಕೊಂಬೆ, ತಂತಿಗೆ ತಾಗುವಂತೆ ಬೆಳೆದ ಮಾವು, ಕೊಟ್ಟಿಗೆಯ ಮೇಲೆ ಒಣಗಿ ನಿಂತ ಟೊಂಗೆ, ಇವೆಲ್ಲ ಮೊದಲ ಗಾಳಿಮಳೆಗೆ ಮುನ್ನ ಇಳಿಯಬೇಕು. ಆದರೆ ಹತ್ತುವವರು ಸಿಗುವುದಿಲ್ಲ. ಸಿಕ್ಕವರೂ ಸೊಂಟಕ್ಕೊಂದು ಹಗ್ಗ ಸುತ್ತಿಕೊಂಡು, ಒಂದು ಕೈಯಲ್ಲಿ ಕೊಂಬೆ, ಇನ್ನೊಂದು ಕೈಯಲ್ಲಿ ಕತ್ತಿ ಹಿಡಿದು ಏರುತ್ತಾರೆ. ಕೈ ಜಾರಿದರೆ ಗತಿಯೇನು ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರ ಇರುವುದಿಲ್ಲ.

ಉತ್ತರ ಇದೆ. ಮರದ ಮೇಲೆ ಕೆಲಸ ಮಾಡುವುದನ್ನೇ ವೃತ್ತಿ ಮಾಡಿಕೊಂಡ ಆರ್ಬರಿಸ್ಟ್‌ಗಳು ಅದನ್ನು ದಶಕಗಳಿಂದ ಬಳಸುತ್ತಿದ್ದಾರೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಓಹಾಯೊದಲ್ಲಿ ನೆಲೆಸಿದ ಜಾನ್ ಡೇವಿ 1901ರಲ್ಲಿ ‘ದ ಟ್ರೀ ಡಾಕ್ಟರ್’ ಪುಸ್ತಕ ಬರೆದು, ಮರದ ಆರೈಕೆಯೂ ಕಲಿತು ಮಾಡಬೇಕಾದ ಕಸುಬು ಎಂದು ತೋರಿಸಿದರು. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರುಸಿಕ್ 1931ರಲ್ಲಿ ಪ್ರಚುರಪಡಿಸಿದ ಗಂಟು ಮುಂದೆ ಮರ ಏರುವವರ ಕೈಗೂ ಬಂತು. ಇವತ್ತಿನ ಹಗ್ಗದ ವಿದ್ಯೆಯ ತಿರುಳು ಆ ಬಗೆಯ ಗಂಟೇ.

ನಮ್ಮ ಕೊನೆಗಾರರು ಕಾಲಿಗೆ ತಳೆ ಹಾಕಿ ಅಡಿಕೆ ಮರ ಏರುವುದು ಬೇರೆಯದೇ ವಿದ್ಯೆ. ಅಲ್ಲಿ ಕೊಂಬೆ ಇಲ್ಲ, ನೆಟ್ಟಗಿನ ಒಂದೇ ಕಾಂಡ. ಇಲ್ಲಿ ಹೇಳುತ್ತಿರುವುದು ಮಾವು, ಹಲಸು, ಆಲ, ಮಳೆಮರದಂಥ ಕವಲೊಡೆದು ಹರಡುವ ಮರಗಳ ಬಗ್ಗೆ.

ಮೊದಲು ತತ್ವ: ಹಗ್ಗ ಬಿಗಿ ಇದ್ದರೆ ಬೀಳುವುದೇ ಇಲ್ಲ

ಹಗ್ಗ ಇರುವುದು ಬಿದ್ದಾಗ ಹಿಡಿಯುವುದಕ್ಕೆ ಎಂದು ಬಹಳ ಮಂದಿ ತಿಳಿದಿದ್ದಾರೆ. ವೃತ್ತಿಪರರ ಲೆಕ್ಕ ಬೇರೆ. ಎರಡು ಮೀಟರ್ ಕೆಳಗೆ ಬಿದ್ದ ದೇಹ ಅಷ್ಟರಲ್ಲೇ ಗಂಟೆಗೆ ಸುಮಾರು 22 ಕಿಲೋಮೀಟರ್ ವೇಗ ಪಡೆದಿರುತ್ತದೆ. ಹೆಚ್ಚು ಹಿಗ್ಗದ ಹಗ್ಗ ಅದನ್ನು ಥಟ್ಟನೆ ನಿಲ್ಲಿಸಿದರೆ ಆ ಹೊಡೆತ ಪೂರ್ತಿ ತಾಗುವುದು ಮೈಗೆ ಮತ್ತು ಹಗ್ಗ ಹಾಕಿದ ಕೊಂಬೆಗೆ. ಸೊಂಟಕ್ಕೆ ಮಾತ್ರ ಕಟ್ಟಿದ್ದರೆ ಬೆನ್ನು ಮಡಚುತ್ತದೆ, ಹೊಟ್ಟೆಯೊಳಗಿನ ಅಂಗಗಳಿಗೆ ಪೆಟ್ಟಾಗುತ್ತದೆ, ನೇತಾಡುವಾಗ ಉಸಿರೂ ಕಟ್ಟುತ್ತದೆ.

ಆದ್ದರಿಂದ ಹಗ್ಗ ಯಾವಾಗಲೂ ತಲೆಗಿಂತ ಮೇಲಿನಿಂದ ಬರಬೇಕು, ಯಾವಾಗಲೂ ಬಿಗಿ ಇರಬೇಕು. ಆಗ ಕಾಲು ಜಾರಿದರೂ ಬೀಳುವುದಿಲ್ಲ, ಇದ್ದಲ್ಲೇ ಕೂರುತ್ತೀರಿ. ಮೈಭಾರ ಹೊರುವುದು ತೊಡೆಗೂ ಸೊಂಟಕ್ಕೂ ಹರಡಿಕೊಂಡ ಹಾರ್ನೆಸ್‌ನ ಕೆಲಸ. ಎರಡೂ ಕೈ ಗರಗಸಕ್ಕೆ ಬಿಡುವಾಗಿರುತ್ತವೆ.

ಇನ್ನು ಏರುವ ಬಗೆ. ಮೇಲಿನ ಕವಲಿನ ಮೇಲೆ ಹಗ್ಗ ದಾಟಿಸಿ ಅದರ ಒಂದು ತುದಿಯನ್ನು ಹಾರ್ನೆಸ್‌ಗೆ ಕಟ್ಟಬೇಕು. ಮತ್ತೊಂದು ಎಳೆಗೆ ಪ್ರುಸಿಕ್ ಜಾತಿಯ ಗಂಟು ಹಾಕಿ ಅದನ್ನೂ ಹಾರ್ನೆಸ್‌ಗೆ ಸೇರಿಸಬೇಕು. ನಿಮ್ಮ ತೂಕ 70 ಕಿಲೋ ಇದ್ದರೆ ಎರಡು ಎಳೆಗಳೂ ಅದನ್ನು ಹಂಚಿಕೊಳ್ಳುತ್ತವೆ, ಗಂಟಿನ ಪಾಲಿಗೆ ಬರುವುದು ಸುಮಾರು 35 ಕಿಲೋ. ಗಂಟಿನ ಮೇಲೆ ಭಾರ ಬಿದ್ದಾಗ ಅದರ ಸುತ್ತುಗಳು ಹಗ್ಗವನ್ನು ಹಿಸುಕಿ ಹಿಡಿಯುತ್ತವೆ. ಭಾರ ತೆಗೆದು ಕೈಯಿಂದ ಮೇಲೆ ನೂಕಿದರೆ ಸಲೀಸಾಗಿ ಸರಿಯುತ್ತವೆ. ಗಂಟಿರುವ ಎಳೆಯನ್ನು ಕೆಳಕ್ಕೆ ಜಗ್ಗಿ, ಮೈ ಮೇಲೇರಿದಷ್ಟೂ ಗಂಟನ್ನು ಮೇಲೆ ಸರಿಸುತ್ತ ಹೋಗುವುದೇ ಏರುವ ಕ್ರಮ. ಜಗ್ಗುವ ಬಲ ಅರ್ಧಕ್ಕಿಳಿಯುತ್ತದೆ. ಅದಕ್ಕೆ ಬದಲಾಗಿ ಒಂದು ಮೀಟರ್ ಏರಲು ಎರಡು ಮೀಟರ್ ಹಗ್ಗ ಎಳೆಯಬೇಕು. ಕವಲಿನ ಮೇಲಿನ ಉಜ್ಜಾಟವೂ ಒಂದಿಷ್ಟು ಬಲ ತಿನ್ನುತ್ತದೆ.

ಬೇಕಾಗುವ ಸಲಕರಣೆ

1. ಹಾರ್ನೆಸ್. ಕಟ್ಟಡ ಕೆಲಸಕ್ಕೆ ಮಾರುವ, ಬೆನ್ನ ಮೇಲೆ ಮಾತ್ರ ಬಳೆ ಇರುವ ಪಟ್ಟಿ ಬಿದ್ದವರನ್ನು ಹಿಡಿಯಲು ಮಾಡಿದ್ದು. ಅದರಲ್ಲಿ ನೇತಾಡಿದರೆ ಮುಖ ಮುಂದಕ್ಕೆ ಬಾಗುತ್ತದೆ, ಕೆಲಸ ಮಾಡಲಾಗದು. ಮರಕ್ಕೆ ಬೇಕಾದದ್ದು ತೊಡೆಪಟ್ಟಿ, ಅಗಲವಾದ ಸೊಂಟಪಟ್ಟಿ, ಮುಂದೆ ಹಗ್ಗ ಸೇರಿಸುವ ಜಾಗ, ಎರಡೂ ಪಕ್ಕದಲ್ಲಿ ಬಳೆ ಇರುವ ಕೂರುವ ಹಾರ್ನೆಸ್. ಯುರೋಪಿನ ಮಾಲಿನ ಮೇಲೆ ಇಎನ್ 813 ಮತ್ತು ಇಎನ್ 358 ಎಂಬ ಗುರುತುಗಳನ್ನು ಹುಡುಕಿ. ಭಾರತೀಯ ಮಾನಕ ಐಎಸ್ 3521ರ ಹಾರ್ನೆಸ್ ಕೊಳ್ಳುವುದಾದರೆ ಮುಂದೆ ಮತ್ತು ಪಕ್ಕದಲ್ಲಿ ಬಳೆ ಇರುವುದನ್ನೇ ಕೇಳಿ ತೆಗೆದುಕೊಳ್ಳಿ.

2. ಏರುವ ಹಗ್ಗ. ಒಳಗೆ ತಿರುಳು, ಹೊರಗೆ ಹೆಣೆದ ಕವಚ ಇರುವ, ಕಡಿಮೆ ಹಿಗ್ಗುವ 11ರಿಂದ 13 ಮಿಲಿಮೀಟರ್ ದಪ್ಪದ ಹಗ್ಗ. ಇಎನ್ 1891ರ ‘ಎ’ ವರ್ಗದ ಹಗ್ಗ ಕನಿಷ್ಠ 22 ಕಿಲೋನ್ಯೂಟನ್, ಅಂದರೆ ಸುಮಾರು 2,200 ಕಿಲೋ ಭಾರ ತಡೆಯಬೇಕು. ಅಂಗಡಿಯಲ್ಲಿ ಸಿಗುವ ಹಳದಿ, ನೀಲಿ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಸೀಳುತ್ತದೆ, ಉಜ್ಜಿದ ಬಿಸಿಗೆ ಬೇಗ ಕರಗುತ್ತದೆ. ಹುಲ್ಲಿನ ಹೊರೆಗೆ ಅದು ಸಾಕು, ಮನುಷ್ಯರ ಮೈಭಾರಕ್ಕೆ ಬೇಡ.

3. ಗಂಟಿನ ಹುರಿ. 8ರಿಂದ 10 ಮಿಲಿಮೀಟರ್ ದಪ್ಪದ, ಬಿಸಿ ತಾಳುವ ಹುರಿ. ಏರುವ ಹಗ್ಗಕ್ಕಿಂತ ಅದು ತೆಳುವಾಗಿದ್ದರೆ ಮಾತ್ರ ಚೆನ್ನಾಗಿ ಕಚ್ಚುತ್ತದೆ.

4. ಕ್ಯಾರಬೈನರ್. ಬಾಯಿ ತಾನಾಗಿ ಮುಚ್ಚಿ ಬೀಗ ಬೀಳುವ, ತೆರೆಯಲು ಮೂರು ಚಲನೆ ಬೇಕಾಗುವಂಥದ್ದು. ಉದ್ದಕ್ಕೆ 22ರಿಂದ 25 ಕಿಲೋನ್ಯೂಟನ್ ತಾಳುವ ಕೊಂಡಿ ಅಡ್ಡಕ್ಕೆ ತಿರುಗಿದರೆ ತಾಳುವುದು ಸುಮಾರು 7 ಮಾತ್ರ. ಆದ್ದರಿಂದ ಭಾರ ಹಾಕುವ ಮುನ್ನ ಪ್ರತಿ ಸಲ ಅದು ನೇರವಾಗಿ ಕೂತಿದೆಯೇ ನೋಡಿ.

5. ಲ್ಯಾನ್ಯಾರ್ಡ್. ಕಾಂಡವನ್ನು ಬಳಸಿ ಎರಡೂ ಪಕ್ಕದ ಬಳೆಗಳಿಗೆ ಸೇರಿಸುವ, ಉದ್ದ ಹೆಚ್ಚುಕಡಿಮೆ ಮಾಡಬಹುದಾದ 3ರಿಂದ 5 ಮೀಟರ್‌ನ ಗಿಡ್ಡ ಹಗ್ಗ. ಕೊಯ್ಯುವಾಗ ಇದು ನಿಮ್ಮ ಎರಡನೇ ಜೀವದಾರ. ಒಳಗೆ ಉಕ್ಕಿನ ತಂತಿ ಇರುವುದು ಗರಗಸದ ತಾಗಾಟವನ್ನು ಸ್ವಲ್ಪ ಹೆಚ್ಚು ತಾಳುತ್ತದೆ. ಆದರೆ ಅದರಲ್ಲಿ ವಿದ್ಯುತ್ ಹರಿಯುತ್ತದೆ, ತಂತಿ ಹತ್ತಿರವಿದ್ದಲ್ಲಿ ಬೇಡ.

6. ಎಸೆಯುವ ದಾರ. 2 ಮಿಲಿಮೀಟರ್‌ನ ನುಣುಪು ದಾರದ ತುದಿಗೆ 250ರಿಂದ 400 ಗ್ರಾಂ ತೂಕದ ಸಣ್ಣ ಚೀಲ. ಇದನ್ನು ಕೆಳಗಿನಿಂದಲೇ ಕವಲಿನ ಮೇಲೆಸೆದು, ಅದರ ಹಿಂದೆ ಹಗ್ಗ ಎಳೆದುಕೊಳ್ಳಬಹುದು. ಹಗ್ಗ ಹಾಕಲೆಂದು ಹಗ್ಗವಿಲ್ಲದೆ ಹತ್ತುವ ಅಪಾಯ ಇದರಿಂದ ತಪ್ಪುತ್ತದೆ.

7. ಹೆಲ್ಮೆಟ್, ಕನ್ನಡಕ, ಬೂಟು. ಹೆಲ್ಮೆಟ್‌ಗೆ ಗಲ್ಲದ ಪಟ್ಟಿ ಕಡ್ಡಾಯ. ತಲೆ ಕೆಳಗಾದಾಗ ಕಳಚಿ ಬೀಳುವ ಹೆಲ್ಮೆಟ್‌ನಿಂದ ಉಪಯೋಗವಿಲ್ಲ. ಕೆಳಗೆ ನಿಲ್ಲುವವರಿಗೂ ಹೆಲ್ಮೆಟ್ ಬೇಕು.

8. ಕೈಗರಗಸ. ಬಾಗಿದ ಅಲಗಿನ, ಎಳೆದಾಗ ಕೊಯ್ಯುವ ಗರಗಸ ಮತ್ತು ಅದಕ್ಕೊಂದು ಒರೆ. ಬೀಸುವ ಕತ್ತಿಗಿಂತ ಇದೇ ಮೇಲು. ಬಿಗಿಯಾಗಿ ಭಾರ ಹೊತ್ತ ಹಗ್ಗಕ್ಕೆ ಹರಿತವಾದ ಅಲಗು ತುಸು ತಾಗಿದರೂ ಸಾಕು, ಕಡಿದುಹೋಗುತ್ತದೆ. ಬೀಸಿದ ಕತ್ತಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ಬೀಸಿದವರ ಕೈಯಲ್ಲೂ ಇರುವುದಿಲ್ಲ.

ಬೂಟಿಗೆ ಕಟ್ಟುವ ಉಕ್ಕಿನ ಮೊಳೆಗಳು ಈ ಪಟ್ಟಿಯಲ್ಲಿಲ್ಲ. ಅವು ಪೂರ್ತಿ ಕಡಿದುರುಳಿಸುವ ಮರಕ್ಕೆ ಮಾತ್ರ. ಉಳಿಸಿಕೊಳ್ಳುವ ಮರಕ್ಕೆ ಚುಚ್ಚಿದರೆ ಪ್ರತಿ ಹೆಜ್ಜೆಯೂ ತೊಗಟೆಯಡಿಯ ಜೀವಪದರಕ್ಕೆ ಗಾಯ ಮಾಡುತ್ತದೆ, ಕೊಳೆಗೆ ಬಾಗಿಲು ತೆರೆಯುತ್ತದೆ.

ಏರುವ ಕ್ರಮ

ಇದನ್ನು ಓದಿ ನೇರ ಮರ ಹತ್ತಬೇಡಿ. ಬಲ್ಲವರ ಎದುರು, ನೆಲದಿಂದ ಒಂದಾಳೆತ್ತರ ಮೀರದಂತೆ, ಗಂಟು ಹಾಕುವುದು, ಏರುವುದು, ಇಳಿಯುವುದು ಮೂರೂ ಕೈಗೆ ಒಗ್ಗುವವರೆಗೆ ಅಭ್ಯಾಸ ಮಾಡಿ.

1. ಕೆಳಗಿನಿಂದಲೇ ಮರವನ್ನು ಪರೀಕ್ಷಿಸಿ. ಬುಡದಲ್ಲಿ ಅಣಬೆ, ಬಿರುಕು, ಟೊಳ್ಳು ಇವೆಯೇ? ಮಾವಿನಲ್ಲಿ ಬಂದಣಿಕೆ ಹಿಡಿದ ಕೊಂಬೆ ಯಾವುದು? ಬಂದಣಿಕೆಯಿಂದಾಚೆಗೆ ಕೊಂಬೆ ಸೊರಗಿ ಒಣಗಿರುವುದು ಸಾಮಾನ್ಯ. ಚಗಳಿ ಗೂಡು, ಕಣಜ, ಹೆಜ್ಜೇನು ನೋಡಿ. ಹೆಜ್ಜೇನು ಇದ್ದರೆ ಅಂದು ಕೆಲಸ ಬೇಡ. ಹಗ್ಗದಲ್ಲಿರುವವರು ಓಡಲಾರರು.

2. ಆಧಾರದ ಕವಲು ಆರಿಸಿ. ಅದು ಹಸಿಯಾಗಿರಬೇಕು, ಗಟ್ಟಿ ಕಾಂಡಕ್ಕೆ ಸೇರಿದ ಜಾಗವಾಗಿರಬೇಕು, ಕನಿಷ್ಠ 10 ಸೆಂಟಿಮೀಟರ್ ದಪ್ಪ ಇರಬೇಕು. ನುಗ್ಗೆ, ಗುಲ್‌ಮೊಹರ್‌ನಂಥ ಪೆಡಸು ಮರಗಳಲ್ಲಿ ಇನ್ನೂ ದಪ್ಪ ಬೇಕು, ಅನುಮಾನವಿದ್ದರೆ ಏರುವುದೇ ಬೇಡ. ಹಗ್ಗದ ಒಂದು ತುದಿಯನ್ನು ಬುಡಕ್ಕೆ ಬಿಗಿದು ಇನ್ನೊಂದು ಎಳೆಯಲ್ಲಿ ಏರುವ ಪದ್ಧತಿಯೂ ಇದೆ. ಅದರಲ್ಲಿ ಎರಡೂ ಎಳೆಗಳ ಜಗ್ಗಾಟ ಕವಲಿನ ಮೇಲೆ ಬೀಳುವುದರಿಂದ 70 ಕಿಲೋದವರು ಏರಿದರೂ ಕವಲಿಗೆ ಹತ್ತಿರಹತ್ತಿರ 140 ಕಿಲೋ ಭಾರ. ಹೊಸಬರಿಗೆ ಅದು ಬೇಡ.

3. ತೊಗಟೆಗೆ ಕಾಪು ಕೊಡಿ. ಓಡುವ ಹಗ್ಗ ಕವಲಿನ ತೊಗಟೆಯನ್ನು ಸವೆಸುತ್ತದೆ, ತಾನೂ ಸವೆಯುತ್ತದೆ. ಎರಡು ಬಳೆಗಳಿರುವ ಪಟ್ಟಿ ಇಲ್ಲವೇ ಚರ್ಮದ ಕೊಳವೆ ಹಾಕಿ ಅದರೊಳಗೆ ಹಗ್ಗ ದಾಟಿಸಿದರೆ ಮರಕ್ಕೂ ಒಳ್ಳೆಯದು, ಏರಲೂ ಹಗುರ.

4. ಭಾರ ಹಾಕಿ ನೋಡಿ. ಏರುವ ಮುನ್ನ ಇಬ್ಬರು ಒಟ್ಟಿಗೆ ಹಗ್ಗಕ್ಕೆ ಜೋತುಬಿದ್ದು ಕವಲನ್ನು ಪರೀಕ್ಷಿಸಿ. ಚಟಪಟ ಸದ್ದು ಕೇಳಿದರೆ ಬೇರೆ ಕವಲು ಹುಡುಕಿ.

5. ತುದಿಗೆ ತಡೆಗಂಟು ಹಾಕಿ. ಹಗ್ಗ ನೆಲ ಮುಟ್ಟುತ್ತಿರುವಂತೆ ಕಂಡರೂ ಕೊನೆಗೊಂದು ದಪ್ಪ ಗಂಟು ಇರಲೇಬೇಕು. ಇಳಿಯುವಾಗ ಹಗ್ಗ ಮುಗಿದದ್ದು ತಿಳಿಯದೆ ಗಂಟು ತುದಿಯಿಂದ ಜಾರಿಹೋಗುವ ಅಪಘಾತವನ್ನು ಇದೊಂದೇ ತಡೆಯುತ್ತದೆ.

6. ಪರಸ್ಪರ ತಪಾಸಣೆ ಮಾಡಿ. ಬಕಲ್, ಗಂಟು, ಕೊಂಡಿಯ ಬೀಗ, ಹೆಲ್ಮೆಟ್ ಪಟ್ಟಿ ಎಲ್ಲವನ್ನೂ ಕೆಳಗಿನವರು ಕೈಯಿಂದ ಮುಟ್ಟಿ ನೋಡಿ ಬಾಯಿಬಿಟ್ಟು ಹೇಳಲಿ.

7. ಮೊದಲು ಮೇಲಕ್ಕೆ, ಆಮೇಲೆ ಕೆಲಸ. ಬೇಕಾದಷ್ಟು ಎತ್ತರಕ್ಕೆ ಮೊದಲೇ ಏರಿ ಕೊಯ್ಯುತ್ತ ಕೆಳಗಿಳಿಯಿರಿ. ಆಧಾರದ ಕವಲಿಗಿಂತ ಮೇಲೆ ಹೋಗಬೇಡಿ. ಹೋಗಲೇಬೇಕಾದರೆ ಲ್ಯಾನ್ಯಾರ್ಡ್ ಹಾಕಿಕೊಂಡು ಹಗ್ಗದ ಆಧಾರವನ್ನೇ ಮೇಲಕ್ಕೆ ಬದಲಿಸಿ. ಆ ಬದಲಾವಣೆಯ ಹೊತ್ತಿನಲ್ಲೂ ಒಂದು ಕಟ್ಟು ಮರಕ್ಕೆ ಇದ್ದೇ ಇರಬೇಕು.

8. ಕೊಂಬೆಯ ಮೇಲೆ ಹೊರಕ್ಕೆ ಹೋಗುವಾಗ ನಿಧಾನ. ಕಾಂಡದಿಂದ ದೂರ ಹೋದಷ್ಟೂ ಹಗ್ಗ ಓರೆಯಾಗುತ್ತದೆ. ಅಲ್ಲಿ ಜಾರಿದರೆ ತೂಗಿಕೊಂಡು ಬಂದು ಕಾಂಡಕ್ಕೆ ಅಪ್ಪಳಿಸುತ್ತೀರಿ. ಆದ್ದರಿಂದ ಆಧಾರದ ಕವಲು ಸಾಧ್ಯವಾದಷ್ಟು ಎತ್ತರದಲ್ಲಿರಲಿ, ಕೊಂಬೆಗೆ ಲ್ಯಾನ್ಯಾರ್ಡ್ ಸುತ್ತಿರಲಿ.

ಕೊಯ್ಯುವಾಗ

ಗರಗಸ ಒರೆಯಿಂದ ಹೊರಬರುವ ಮುನ್ನ ಎರಡನೇ ಕಟ್ಟು ಬಿದ್ದಿರಬೇಕು. ಏರುವ ಹಗ್ಗ ಒಂದು, ಲ್ಯಾನ್ಯಾರ್ಡ್ ಇನ್ನೊಂದು. ಗರಗಸ ಒಂದನ್ನು ಕಡಿದರೂ ಇನ್ನೊಂದು ಹಿಡಿದಿರುತ್ತದೆ. ಎರಡೂ ಕಟ್ಟು ನೀವು ಕೊಯ್ಯುವ ಕೊಂಬೆಗೇ ಇಲ್ಲವಷ್ಟೇ ಎಂದು ಮತ್ತೊಮ್ಮೆ ನೋಡಿಕೊಳ್ಳಿ.

ಕೊಂಬೆಯನ್ನು ಮೂರು ಕೊಯ್ತದಲ್ಲಿ ತೆಗೆಯಿರಿ. ಕಾಂಡದಿಂದ ಸುಮಾರು 30 ಸೆಂಟಿಮೀಟರ್ ಆಚೆ, ಅಡಿಯಿಂದ ಕಾಲುಭಾಗ ಕೊಯ್ಯುವುದು ಮೊದಲನೆಯದು. ಅದಕ್ಕಿಂತ ತುಸು ಹೊರಗೆ, ಮೇಲಿನಿಂದ ಕೊಯ್ದು ಕೊಂಬೆ ಬೀಳಿಸುವುದು ಎರಡನೆಯದು. ಹೀಗೆ ಮಾಡಿದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಸುಲಿದುಕೊಂಡು ಹೋಗುವುದಿಲ್ಲ. ಮೂರನೆಯದು ಉಳಿದ ಮೋಟನ್ನು ತೆಗೆಯುವುದು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಕೊರಳಪಟ್ಟಿಯೊಂದು ಕಾಣುತ್ತದೆ. ಅದನ್ನು ಮುಟ್ಟದೆ, ಅದರ ಹೊರಗೆ ಕೊಯ್ಯಬೇಕು. ಗಾಯ ಮುಚ್ಚುವ ಶಕ್ತಿ ಆ ಪಟ್ಟಿಯಲ್ಲಿದೆ ಎಂದು ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿದರು. ಗಾಯಕ್ಕೆ ಬಣ್ಣ, ಡಾಂಬರು ಬಳಿದರೆ ಕೊಳೆ ನಿಲ್ಲುವುದಿಲ್ಲ ಎಂಬುದೂ ಅವರ ಕೆಲಸದಿಂದ ಖಚಿತವಾಯಿತು.

ಮಾಡಿನ ಮೇಲಿನ ಭಾರದ ಕೊಂಬೆಗೆ ಬೇರೊಂದು ಹಗ್ಗ ಕಟ್ಟಿ, ಕೆಳಗಿನವರು ಅದನ್ನು ಕಾಂಡದ ಬುಡಕ್ಕೆ ಸುತ್ತು ಹಾಕಿ ನಿಧಾನ ಸಡಿಲಿಸಿ ಇಳಿಸಬೇಕು. ಜನ ಏರುವ ಹಗ್ಗವನ್ನು ಕೊಂಬೆ ಇಳಿಸಲು ಬಳಸಲೇಬಾರದು.

ಎಚ್ಚರಿಕೆ

- ತಂತಿ. ವಿದ್ಯುತ್ ತಂತಿಯಿಂದ ನೀವು, ನಿಮ್ಮ ಗರಗಸ, ಬೀಳುವ ಕೊಂಬೆ ಮೂರೂ ಕನಿಷ್ಠ 3 ಮೀಟರ್ ದೂರವಿರಲಿ. ಹಸಿ ಕೊಂಬೆಯಲ್ಲಿ ವಿದ್ಯುತ್ ಹರಿಯುತ್ತದೆ. ಅಷ್ಟು ದೂರ ಸಿಗದಿದ್ದರೆ 1912ಕ್ಕೆ ಕರೆ ಮಾಡಿ ಇಲ್ಲವೇ ಎಸ್ಕಾಂ ಶಾಖೆಗೆ ಹೋಗಿ ಲೈನ್ ಆಫ್ ಮಾಡಿಸಿ. ಕರೆಂಟು ಹೋಗಿದೆ ಎಂಬ ಊಹೆಯ ಮೇಲೆ ಏರಬೇಡಿ.
- ಚೈನ್‌ಸಾ. ಮರದ ಮೇಲೆ ಚೈನ್‌ಸಾ ಬಳಸುವುದು ಪ್ರತ್ಯೇಕ ತರಬೇತಿ ಪಡೆದವರ ಕೆಲಸ. ಎರಡೂ ಕೈಯಲ್ಲಿ ಹಿಡಿದೇ ಕೊಯ್ಯಬೇಕು. ಒಂದು ಕೈಯಲ್ಲಿ ಹಿಡಿದರೆ ಅದು ಹಿಂದಕ್ಕೆ ಒದೆಯುವಾಗ ತಡೆಯಲಾಗದು.
- ಹವೆ. ಗಾಳಿ, ಮಳೆ, ಗುಡುಗು ಇದ್ದರೆ ಇಳಿಯಿರಿ. ನೆನೆದ ತೊಗಟೆ ಜಾರುತ್ತದೆ, ನೆನೆದ ನೈಲಾನಿನ ಬಲವೂ ಕುಗ್ಗುತ್ತದೆ.
- ಒಬ್ಬರೇ ಏರಬೇಡಿ. ಬ್ರಿಟನ್ನಿನ ಪದ್ಧತಿಯಲ್ಲಿ ಮರದ ಕೆಲಸಕ್ಕೆ ಕನಿಷ್ಠ ಇಬ್ಬರು ಇರಬೇಕು, ಕೆಳಗಿರುವವರಿಗೆ ಮೇಲೇರಿ ಗಾಯಾಳುವನ್ನು ಇಳಿಸಲು ಬರಬೇಕು. ಪ್ರಜ್ಞೆಯಿಲ್ಲದೆ ಹಾರ್ನೆಸ್‌ನಲ್ಲಿ ತೂಗುತ್ತಿರುವವರ ಸ್ಥಿತಿ ನಿಮಿಷಗಳಲ್ಲೇ ಬಿಗಡಾಯಿಸಬಹುದು. ಕೆಳಗೆ ಎರಡನೇ ಹಾರ್ನೆಸ್, ಎರಡನೇ ಹಗ್ಗ ಸಿದ್ಧವಿರಲಿ. 108 ಆಂಬುಲೆನ್ಸ್‌ಗೆ ದಾರಿ ಹೇಳುವವರು ಯಾರೆಂದು ಮೊದಲೇ ಗೊತ್ತುಮಾಡಿ.
- ಕಾನೂನು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಾಗದ ಮರಗಳಿಗೂ ಅನ್ವಯಿಸುತ್ತದೆ. ದೊಡ್ಡ ಕೊಂಬೆ ಕಡಿಯುವ ಮುನ್ನ ವೃಕ್ಷಾಧಿಕಾರಿಯನ್ನು ಕೇಳಿ.

ಸಾಮಾನ್ಯ ತಪ್ಪುಗಳು

1. *ಸರಸರ ಇಳಿಯುವುದು.* ಗಂಟು ಉಜ್ಜಿ ಬಿಸಿಯಾಗಿ ಕರಗುತ್ತದೆ. ನಡಿಗೆಯ ವೇಗ ಮೀರಬೇಡಿ.
2. *ಹಗ್ಗದ ಮೇಲೆ ಹಗ್ಗ ಓಡಿಸುವುದು.* ಒಂದೇ ಜಾಗದಲ್ಲಿ ನೈಲಾನ್ ಉಜ್ಜಿದರೆ ಕ್ಷಣಗಳಲ್ಲಿ ಕಡಿದುಹೋಗುತ್ತದೆ. ನಡುವೆ ಲೋಹದ ಬಳೆ ಇರಲಿ.
3. *ಸಡಿಲ ಬಿಡುವುದು.* ಕೊಂಬೆಯ ಮೇಲೆ ನಿಂತು ಹಾಯಾಗಿದೆ ಎಂದು ಹಗ್ಗ ಜೋಲುಬಿಟ್ಟರೆ, ಜಾರಿದಾಗ ಬೀಳುವ ದೂರ ಅಷ್ಟೂ ಹೆಚ್ಚುತ್ತದೆ. ಪ್ರತಿ ಹೆಜ್ಜೆಗೂ ಗಂಟು ಸರಿಸಿ.
4. *ಸೊನೆಗೆ ಹಾಕಿದ ಎಣ್ಣೆ ಹಗ್ಗಕ್ಕೆ ತಾಗಿಸುವುದು.* ಹಲಸಿನ ಅಂಟು ಬಿಡಿಸಲು ಗರಗಸಕ್ಕೆ ಕೊಬ್ಬರಿ ಎಣ್ಣೆ ಸರಿ. ಹಗ್ಗಕ್ಕೆ ತಾಗಿದರೆ ಗಂಟಿನ ಹಿಡಿತ ಹೋಗುತ್ತದೆ. ಹಗ್ಗವನ್ನು ತಣ್ಣೀರು, ಸೌಮ್ಯ ಸಾಬೂನಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಗೊಬ್ಬರ, ಬ್ಯಾಟರಿ, ಸ್ಪ್ರೇ ಔಷಧಿಗಳ ಪಕ್ಕ ಇಡಬೇಡಿ.
5. *ಹಳತನ್ನು ಉಳಿಸಿಕೊಳ್ಳುವುದು.* ಬಳಸದೆ ಇಟ್ಟ ಹಗ್ಗ, ಪಟ್ಟಿಗಳಿಗೂ ಸಾಮಾನ್ಯವಾಗಿ ತಯಾರಕರು ಹೇಳುವ ಗರಿಷ್ಠ ಆಯಸ್ಸು 10 ವರ್ಷ. ದಿನವೂ ಬಳಸಿದರೆ ಇದಕ್ಕಿಂತ ತುಂಬ ಕಡಿಮೆ. ಕವಚ ಹರಿದ, ಗಟ್ಟಿಯಾದ, ಮಧ್ಯೆ ತೆಳುವಾದ ಹಗ್ಗವನ್ನು ತುಂಡು ಮಾಡಿ ಎಸೆಯಿರಿ, ಇಲ್ಲದಿದ್ದರೆ ಇನ್ಯಾರೋ ಅದನ್ನೇ ಕಟ್ಟಿಕೊಂಡು ಏರುತ್ತಾರೆ.

ಇದನ್ನೇ ವೃತ್ತಿ ಮಾಡಿಕೊಳ್ಳುವವರಿಗೆ

ಬ್ರಿಟನ್ನಿನಲ್ಲಿ ಮನುಷ್ಯರನ್ನು ಹೊರುವ ಸಲಕರಣೆಗಳನ್ನು ಆರು ತಿಂಗಳಿಗೊಮ್ಮೆ ಪರಿಣತರು ತಪಾಸಣೆ ಮಾಡಬೇಕೆಂದು 1998ರ ನಿಯಮಗಳು ಹೇಳುತ್ತವೆ. ನಮ್ಮಲ್ಲಿ ಕೇಳುವವರಿಲ್ಲದಿದ್ದರೂ ಒಂದು ನೋಟ್‌ಬುಕ್ ಇಡಿ. ಪ್ರತಿ ಹಗ್ಗ, ಹಾರ್ನೆಸ್, ಕೊಂಡಿ ಕೊಂಡ ದಿನ, ತಪಾಸಿಸಿದ ದಿನ, ಕಂಡ ದೋಷ ಬರೆದಿಡಿ. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಹಗ್ಗವನ್ನು ಉದ್ದಕ್ಕೂ ಬೆರಳ ನಡುವೆ ಎಳೆದು ನೋಡುವುದು ಅಭ್ಯಾಸವಾಗಲಿ.

ಈ ಕೆಲಸ ಮೊದಲು ದಣಿಸುವುದು ಭುಜ, ಮೊಣಕೈ, ನಡುಗಳನ್ನು. ಚೈನ್‌ಸಾದ ನಡುಕ ವರ್ಷಗಟ್ಟಲೆ ತಾಗಿದರೆ ಬೆರಳು ಮರಗಟ್ಟಿ ಬಿಳಿಚುವ ಕಾಯಿಲೆ ಬರುತ್ತದೆ. ಆದ್ದರಿಂದ ತಂಡದಲ್ಲಿ ಏರುವವರೂ ಕೆಳಗೆ ನಿಲ್ಲುವವರೂ ಪಾಳಿ ಬದಲಿಸಿಕೊಳ್ಳಿ. ನೀರು ಕುಡಿಯಲು ಇಳಿಯುವುದು ಸಮಯ ಹಾಳಲ್ಲ, ದಣಿದ ಕೈಯೇ ತಪ್ಪು ಗಂಟು ಹಾಕುವುದು. ವಯಸ್ಸಾದ ಮೇಲೆ ಏರುವುದು ಬಿಟ್ಟರೂ ಮರ ನೋಡಿ ಹೇಳುವ, ಹೊಸಬರಿಗೆ ಕಲಿಸುವ ಕೆಲಸ ಉಳಿಯುತ್ತದೆ. ಅದಕ್ಕೆ ಬೇಕಾದ ಮರಗಳ ತಿಳಿವಳಿಕೆಯನ್ನು ಹರೆಯದಲ್ಲೇ ಕೂಡಿಸಿಕೊಳ್ಳಿ.

ವಿಮೆ ಮರೆಯಬೇಡಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ ರೂಪಾಯಿ ಸಿಗುತ್ತದೆ, ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದವರು ಸೇರಬಹುದು. ತೆಂಗಿನ ಮರ ಏರುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಬೇರೆಯಾಗಿಯೇ ಇದೆ.

ಕೆಲಸ ಕೊಡುವವರಿಗೆ

ಮರ ಹತ್ತುವವರ ಸುರಕ್ಷತೆಯ ಅರ್ಧ ಪಾಲು ನಿಮ್ಮ ಕೈಯಲ್ಲಿದೆ. ‘ಒಂದು ಗಂಟೆಯ ಕೆಲಸ’ ಎಂದು ಕೂಲಿ ಗೊತ್ತುಮಾಡಿದರೆ ಹಗ್ಗ ಹಾಕುವ, ಕವಲು ಪರೀಕ್ಷಿಸುವ ಹೊತ್ತನ್ನು ನೀವೇ ಕಿತ್ತುಕೊಂಡಂತೆ. ದರ ಮಾತಾಡುವಾಗ ಇಷ್ಟು ಕೇಳಿ: ಹಾರ್ನೆಸ್ ಇದೆಯೇ? ಕೆಳಗೆ ನಿಲ್ಲುವವರು ಯಾರು? ಮೇಲೆ ಗಾಯವಾದರೆ ಇಳಿಸುವವರು ಯಾರು? ವಿಮೆ ಮಾಡಿಸಿದ್ದೀರಾ? ಹೌದು ಎನ್ನುವವರಿಗೆ ಹೆಚ್ಚು ಕೂಲಿ ಕೊಡಿ. ಊರಿನ ನಾಲ್ಕಾರು ಮನೆಯವರು ಇಲ್ಲವೇ ಸಹಕಾರ ಸಂಘ ಸೇರಿ ಎರಡು ಜೊತೆ ಹಾರ್ನೆಸ್, ಹಗ್ಗ ಕೊಂಡಿಟ್ಟರೆ ಏರಬಲ್ಲ ಯುವಕರು ಅದರಲ್ಲೇ ಕಲಿಯಬಹುದು. ಜೀವಭಯವಿಲ್ಲದೆ, ಗೌರವದ ಕೂಲಿಯೊಂದಿಗೆ ಮಾಡಬಹುದಾದ ಕಸುಬು ಎಂದು ಕಂಡಾಗಲೇ ಹೊಸಬರು ಇದಕ್ಕೆ ಬರುತ್ತಾರೆ. ಮರ ಹತ್ತುವವರು ಸಿಗುತ್ತಿಲ್ಲ ಎಂಬ ನಮ್ಮ ಕೊರಗಿಗೆ ಬೇರೆ ಪರಿಹಾರ ಇಲ್ಲ.